ಜವಾರಿ ತತ್ತಿಯ ಲೆಕ್ಕ

ಪುಣೆಯಲ್ಲಿ ಊರ ಕೋಳಿಗೆ ‘ಗಾವ್ರಾನ್’ ಅಂತಾರೆ. ನಮ್ಮ ಕಲಬುರಗಿ ಕಡೆ ಅದು ಜವಾರಿ ಕೋಳಿ, ಮೈಸೂರಿನವರಿಗೆ ನಾಟಿ ಕೋಳಿ, ಹೈದರಾಬಾದಿಗೆ ಹೋದರೆ ನಾಟು ಕೋಡಿ. ಯಾವ ಭಾಷೆಯಲ್ಲಿ ಕೇಳಿದರೂ ಅಂಗಡಿಯವನಿಗೆ ಅರ್ಥವಾಗುವುದು ಒಂದೇ: ಹೆಚ್ಚು ದುಡ್ಡು. ಹಳ್ಳಿ ಬಿಟ್ಟು ಬಂದವರು ಹಳ್ಳಿಯ ಹೆಸರಿಗೆ ದಂಡ ಕಟ್ಟಬೇಕು.

ಈ ವಿಚಾರ ನನ್ನ ತಲೆಗೆ ಹತ್ತಿದ್ದು ಮಗಳ ದೆಸೆಯಿಂದ. ಒಂಬತ್ತು ವರ್ಷದ ಹುಡುಗಿ ಸೊರಗಿದ್ದಳು. ಡಾಕ್ಟರು ದಿನಕ್ಕೊಂದು ತತ್ತಿ ಕೊಡಿ ಅಂದರು. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು. ನನ್ನಂಥ ಗೋಡೌನ್ ಗುಮಾಸ್ತನಿಗೆ ಎಟಕುವ ಔಷಧಿ. ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ 120 ತತ್ತಿ. ಸಾದಾ ತತ್ತಿ 7 ರೂಪಾಯಿಯಂತೆ 840. ಗಾವ್ರಾನ್ 15ರಂತೆ 1,800. ನಡುವಿನ 960 ರೂಪಾಯಿ ಮಗಳ ಸ್ಕೂಲ್ ರಿಕ್ಷಾದ ಬಾಡಿಗೆ.

ಸಾದಾ ತತ್ತಿಯನ್ನೇ ತರುತ್ತಿದ್ದೆ. ಒಮ್ಮೆ ಚೀಲದ ಲೋಡಿನ ಜೊತೆ ಊರ ಹೊರಗಿನ ಒಂದು ಲೇಯರ್ ಫಾರ್ಮಿಗೆ ಹೋಗಬೇಕಾಯಿತು. ತಂತಿಯ ಪಂಜರ, ಕಾಲಡಿಯೂ ತಂತಿ, ತತ್ತಿ ಮುಂದಕ್ಕೆ ಉರುಳಲಿ ಅಂತ ಇಳಿಜಾರು. ರೆಕ್ಕೆ ಬಿಚ್ಚುವ ಮಾತೇ ಇಲ್ಲ. 2023ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮ ಒಂದು ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಅನ್ನುತ್ತದೆ. ಆಫೀಸಿನ ಎ4 ಹಾಳೆಯನ್ನು ಸ್ಕೇಲು ಹಿಡಿದು ಅಳೆದೆ, 620ಕ್ಕೂ ಜಾಸ್ತಿ ಬಂತು. ಇನ್ನು ಲೇಯರ್ ಜಾತಿಯ ಹುಂಜದ ಮರಿಗಳು ತತ್ತಿ ಇಡುವುದಿಲ್ಲ, ಮಾಂಸಕ್ಕೂ ಲಾಭವಿಲ್ಲ. ಹ್ಯಾಚರಿಯಲ್ಲಿ ಅವುಗಳನ್ನು ಹುಟ್ಟಿದ ದಿನವೇ ಮುಗಿಸುತ್ತಾರೆ.

ಊರಲ್ಲಿ ಅವ್ವ ಸಂಜೆ ಕೋಳಿಯ ಮೇಲೆ ಬುಟ್ಟಿ ಕವುಚುತ್ತಿದ್ದಳು, ಬೆಳಗಾದರೆ ಅದು ತಿಪ್ಪೆ ಕೆದರಲು ಹೊರಡುತ್ತಿತ್ತು. ಅಲ್ಲೇನೂ ಸ್ವರ್ಗವಿರಲಿಲ್ಲ. ಮರಿಗಳನ್ನು ಹದ್ದು ಒಯ್ಯುತ್ತಿತ್ತು, ಬ್ಯಾನಿ ಬಂದರೆ ಓಣಿಯ ಕೋಳಿಯೆಲ್ಲ ಸಾಲುಸಾಲಾಗಿ ಸಾಯುತ್ತಿದ್ದವು, ಉಳಿದದ್ದನ್ನು ಜಾತ್ರೆಗೆ ನಾವೇ ಕೊಯ್ಯುತ್ತಿದ್ದೆವು. ಆದರೂ ಕೊಯ್ಯುವ ತನಕ ಅದು ಕೋಳಿಯಾಗಿಯೇ ಬದುಕುತ್ತಿತ್ತು. ವರ್ಷಕ್ಕೆ ಇಡುತ್ತಿದ್ದದ್ದು ಅರವತ್ತೆಪ್ಪತ್ತು ತತ್ತಿ. ಪಂಜರದ ಬಿಳಿ ಕೋಳಿ ಮುನ್ನೂರರ ಆಸುಪಾಸು ಇಡುತ್ತದೆ. ಬೆಲೆಯ ಗುಟ್ಟು ಬಹುಪಾಲು ಇಲ್ಲೇ ಇದೆ.

ಮೊದಲು ಮೋಸ ಹೋದೆ. ಒಂದು ಅಂಗಡಿಯಲ್ಲಿ ಕಂದು ತತ್ತಿಗೆ ಎರಡರಷ್ಟು ಕೊಟ್ಟು ತಂದು ಆರು ತಿಂಗಳು ಬೀಗಿದೆ. ಸಿಪ್ಪೆಯ ಬಣ್ಣ ಕೋಳಿಯ ತಳಿಯದ್ದು, ಕಂದು ತತ್ತಿ ಇಡುವ ಕೋಳಿಯೂ ಪಂಜರದಲ್ಲಿರಬಹುದು ಅಂತ ಆಮೇಲೆ ತಿಳಿಯಿತು.

ಈ ಸಂಕಟವನ್ನು ಫೋನಿನಲ್ಲಿ ಹೇಳಿದರೆ ತಂಗಿ ನಕ್ಕಳು. “ಅಣ್ಣಾ, ಕೋಳಿ ಚಿಂತಿ ನಿನಗ್ಯಾಕ? ಇಲ್ಲಿ ನಮ್ಮ ಹುಡುಗೂರು ಸಾಲ್ಯಾಗಿನ ತತ್ತಿಗೆ ದಾರಿ ಕಾಯ್ತಾವ.” 2021ರ ಡಿಸೆಂಬರಿನಲ್ಲಿ ನಮ್ಮ ಕಡೆಯ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ತತ್ತಿ ಶುರುವಾಯಿತು. ಕೆಲವು ಮಠಾಧೀಶರು ಬೇಡವೆಂದರು, ಮಕ್ಕಳು ಬೇಕೆಂದರು. ಅಷ್ಟು ಮಕ್ಕಳಿಗೆ ಸಾಲುವಷ್ಟು ತತ್ತಿಯನ್ನು ತಿಪ್ಪೆಯ ಕೋಳಿ ಇಡಲಾರದು. ಪಂಜರದ ತತ್ತಿ ಪಾಪ ಅಂತ ನಾನು ಯಾವ ಬಾಯಿಂದ ತಂಗಿಗೆ ಹೇಳಲಿ? ತಿಂಗಳಿಗೆ 960 ರೂಪಾಯಿ ಉಳಿಯುವವನಿಗೆ ಮಾತ್ರ ಸಿಗುವ ಕರುಣೆಗೆ ಕರುಣೆ ಅನ್ನಬಹುದೇ? ಪಕ್ಕದ ಮನೆಯವರು ‘ಎಲ್ಲಾ ಬಿಟ್ಟು ಪನೀರ್ ತಿನ್ನಿ’ ಅನ್ನುತ್ತಾರೆ. ಹಾಲಿನ ಹಿಂದೆಯೂ ಯಾರಿಗೂ ಬೇಡವಾದ ಗಂಡು ಕರು ಇದೆ, ಆ ಮಾತು ಅವರಿಗೆ ರುಚಿಸಲಿಲ್ಲ.

ನನ್ನ ಕೈಯಲ್ಲಿದ್ದದ್ದು ಭಾನುವಾರದ ಬ್ರಾಯ್ಲರ್. ನಲವತ್ತು ದಿನಕ್ಕೆ ಎರಡು ಕಿಲೋ ತೂಗುವ, ತನ್ನ ಭಾರಕ್ಕೆ ತಾನೇ ಕುಸಿಯುವ ಪ್ರಾಣಿ. ಅದನ್ನು ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ, ಪಟ್ಟಣ ಕಲಿಸಿದ ಚಟ. ಊರಲ್ಲಿ ಕೋಳಿ ಬೀಗರಿಗೆ, ಜಾತ್ರೆಗೆ. ದಿನದ ಊಟ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಮಡಿಕಿ ಕಾಳು, ಶೇಂಗಾ ಹಿಂಡಿ. ಜೋಳದಲ್ಲಿ ಕೊರತೆಯಿರುವ ಲೈಸಿನ್ ಬೇಳೆಯಲ್ಲಿ ಧಾರಾಳವಾಗಿದೆ. ಅವ್ವನಿಗೆ ಆ ಹೆಸರು ಗೊತ್ತಿರಲಿಲ್ಲ, ಊಟ ಗೊತ್ತಿತ್ತು. ಬ್ರಾಯ್ಲರ್ ನಿಲ್ಲಿಸಿದೆ. ಮಗ ಎರಡು ವಾರ ಮುಖ ಊದಿಸಿಕೊಂಡಿದ್ದ.

ಆಮೇಲೆ ಬುದ್ಧಿವಂತಿಕೆ ಮಾಡಿದೆ. ದೊಡ್ಡವರಿಗೆ ತತ್ತಿ ಬೇಡ, ಮಕ್ಕಳಿಬ್ಬರಿಗೆ 60 ಗಾವ್ರಾನ್, 900 ರೂಪಾಯಿ. ಮುಳಶಿ ಕಡೆಯಿಂದ ಸಂತೆಗೆ ಬರುವ ಹೆಂಗಸಿನ ಹಿತ್ತಲಿಗೇ ಹೋಗಿ ಕೋಳಿ ನೋಡಿ ಬಂದೆ. ತಿಂಗಳೊಪ್ಪತ್ತಿನಲ್ಲಿ ಹೆಂಡತಿ ಕೇಳಿದಳು: “ಪುಣ್ಯ ನಿಮಗ ಬೇಕು, ತತ್ತಿ ನಂದ್ಯಾಕ ಕಡದ್ರಿ?” ಅವಳ ರಕ್ತ ಕಡಿಮೆ ಇರುವುದು ಮಗಳಿಗಿಂತ ಮೊದಲೇ ಗೊತ್ತಿತ್ತು. ಲೆಕ್ಕ ಹಾಕುವಾಗ ಅವಳ ತಟ್ಟೆಯೇ ನನಗೆ ಮೊದಲು ಕೈಗೆ ಸಿಕ್ಕಿತ್ತು.

ಮರುದಿನವೇ ಮೂವತ್ತು ಸಾದಾ ತತ್ತಿಯ ಟ್ರೇ ತಂದೆ. ನಾನು ಶೇಂಗಾ ತಿನ್ನುತ್ತೇನೆ. ಈಗ ಫ್ರಿಜ್ಜಿನಲ್ಲಿ ಎರಡೂ ನಮೂನೆ ಇವೆ, ಬೇರೆ ಬೇರೆ ಡಬ್ಬಿಯಲ್ಲಿ. ಅವಳು ಎಲ್ಲವನ್ನೂ ಒಂದೇ ಪಾತೇಲಿಯಲ್ಲಿ ಕುದಿಸುತ್ತಾಳೆ. ಸಿಪ್ಪೆ ಸುಲಿದ ಮೇಲೆ ಯಾವುದು ಯಾರದೆಂದು ಮಗಳು ಕೇಳುತ್ತಾಳೆ. ನನಗೂ ಗುರುತು ಸಿಗುವುದಿಲ್ಲ.