ಮಚ್ಚು ಹಿಡಿದ ಕೈ

ನಮ್ಮ ಚಿಕ್ಕನಾಯಕನಹಳ್ಳಿಯಲ್ಲಿ ಎಳನೀರು ಕೆತ್ತುವ ಮಚ್ಚೇ ಜಗಳದಲ್ಲೂ ಮೇಲೇಳುತ್ತದೆ. ತಪ್ಪು ಮಚ್ಚಿನದಲ್ಲ ಎನ್ನುತ್ತೇವೆ. ವಿಜ್ಞಾನದ ಬಗ್ಗೆಯೂ ಇಷ್ಟೇ ಹೇಳಿ ಕೈತೊಳೆದುಕೊಳ್ಳಬಹುದೇ?

ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬಿಗಾಗಿ ದುಡಿದವರು. ಕಣವೇಗವರ್ಧಕದಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ಸಾಧ್ಯವೆಂದು 1946ರಲ್ಲಿ ಬರೆದವರೂ ಅವರೇ. ಅಯಾನುಗಳ ಕಿರಣ ದೇಹದೊಳಗೆ ನಿಗದಿತ ಆಳದಲ್ಲಿ ತನ್ನ ಹೆಚ್ಚಿನ ಶಕ್ತಿಯನ್ನು ಸುರಿದು ಅಲ್ಲೇ ನಿಲ್ಲುತ್ತದೆ. ಗೆಡ್ಡೆಯಾಚೆಯ ಅಂಗ ಉಳಿಯುತ್ತದೆ. 1954ರಲ್ಲಿ ಬರ್ಕ್ಲಿಯಲ್ಲಿ, ಭೌತವಿಜ್ಞಾನಕ್ಕೆಂದು ಕಟ್ಟಿದ ಯಂತ್ರದಿಂದಲೇ ಮೊದಲ ರೋಗಿಗೆ ಪ್ರೋಟಾನ್ ಕಿರಣ ಕೊಟ್ಟರು. ದೆಹಲಿಯ ಪೆಲ್ಲೆಟ್ರಾನ್‌ನಲ್ಲೂ ಜೀವಕೋಶಗಳ ಮೇಲೆ ಅಯಾನು ಕಿರಣದ ಪ್ರಯೋಗಗಳು ನಡೆದಿವೆ.

ಆದರೆ ಈ ಚಿಕಿತ್ಸೆ ಹಿರೋಶಿಮಾದ ಲೆಕ್ಕ ತೀರಿಸುವುದಿಲ್ಲ. ಜರ್ಮನಿ ಸೋತಾಗಲೇ ಬಾಂಬಿನ ಕೆಲಸ ಬಿಡಬೇಕಿತ್ತೆಂದು ವಿಲ್ಸನ್ ಮುಂದೆ ಪರಿತಪಿಸಿದರು. ಯಂತ್ರವನ್ನು ಒಳಿತಿಗೆ ತಿರುಗಿಸಬಹುದು. ಕೇಡನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಹೊಣೆ ಮಾತ್ರ ಅದನ್ನು ಹಿಡಿದ ಕೈಯದೇ.