ಮುರಿದವರು ಯಾರು, ರಕ್ತ ಯಾರದು?



ಖಂಡೋಬಾನ ಗುಡಿಯಿರುವ ಮಂಗಸೂಳಿಯ ಸೀಮೆಯವರಿಗೆ ಆಣೆಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ವಪತ್ರೆ, ಭಂಡಾರ ಮುಟ್ಟಿ ಕೊಟ್ಟ ಮಾತನ್ನು ಮುರಿದರೆ ಕೇಡು ಮುರಿದವನಿಗೇ ಎಂಬುದು ಹಳೆಯ ನಂಬಿಕೆ. ಬೈಬಲಿನ ರಕ್ತದ ಒಡಂಬಡಿಕೆಯೂ ಇಂಥದೇ ಆಣೆಯಿಂದ ಆರಂಭವಾಗುತ್ತದೆ.

ಆದಿಕಾಂಡದ 15ನೇ ಅಧ್ಯಾಯ ತೆರೆದು ನೋಡಿ. ಕಡಸು, ಆಡು, ಟಗರುಗಳನ್ನು ಸೀಳಿ ಹೋಳುಗಳನ್ನು ಎದುರುಬದುರು ಇಡಲಾಗಿದೆ. ನಡುವೆ ಹಾದುಹೋಗುವವನು, ಮಾತು ತಪ್ಪಿದರೆ ನನಗೂ ಇದೇ ಗತಿಯಾಗಲಿ ಎಂದಂತೆ. ಆದರೆ ಅಬ್ರಾಮನಿಗೆ ಗಾಢನಿದ್ರೆ. ಹೊಗೆಯಾಡುವ ಒಲೆಯಾಗಿ, ಉರಿಯುವ ಪಂಜಾಗಿ ಹಾದುಹೋದವರು ದೇವರೊಬ್ಬರೇ!

ಮುಂದೆ ಸೀನಾಯಿಯಲ್ಲಿ ಮೋಶೆ ಅರ್ಧ ರಕ್ತವನ್ನು ಬಲಿಪೀಠಕ್ಕೂ ಉಳಿದದ್ದನ್ನು ಜನರ ಮೇಲೂ ಚಿಮುಕಿಸಿದನು. ವಿಧೇಯರಾಗಿರುತ್ತೇವೆ ಎಂದ ಆ ಜನರೇ ಕೆಲವು ದಿನಗಳಲ್ಲಿ ಬಂಗಾರದ ಕರುವಿಗೆ ಅಡ್ಡಬಿದ್ದರು. ಮುರಿದವರು ಮನುಷ್ಯರು. ಕಡೆಯ ಭೋಜನದಲ್ಲಿ ಪಾತ್ರೆಯನ್ನೆತ್ತಿಕೊಟ್ಟು, ಮರುದಿನ ಶಿಲುಬೆಯ ಮೇಲೆ ರಕ್ತ ಸುರಿಸಿದವರು ಮಾತ್ರ ಎಂದೂ ಮುರಿಯದವರು. ಕೆಲವರು ಆ ರಕ್ತವನ್ನು ಸಿಟ್ಟಾದ ದೇವರಿಗೆ ಕೊಟ್ಟ ದಂಡವೆಂಬಂತೆ ಬೋಧಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ದಂಡ ತೆರುವವನು ತಪ್ಪು ಮಾಡಿದವನಲ್ಲವೇ?

ಹೊಲದ ಬದುವಿಗಾಗಿ ಅಣ್ಣನ ಜೊತೆ ಮಾತು ಬಿಟ್ಟ ರೈತರೊಬ್ಬರು ಒಮ್ಮೆ ನನ್ನನ್ನು ಕೇಳಿದರು: "ಮಾತ ಮುರದಾಂವ ನಮ್ಮಣ್ಣ. ನಾ ಯಾಕ ಮೊದಲ ಹೋಗಬೇಕ್ರಿ, ಫಾದರ್?"

ಸೆಮಿನರಿಯಲ್ಲಿ ಓದಿದ ತತ್ತ್ವಶಾಸ್ತ್ರ ಆಗ ನೆರವಿಗೆ ಬರಲಿಲ್ಲ. "ಪೂಜೆಯ ಪಾತ್ರೆಯಲ್ಲಿರುವ ರಕ್ತ ಯಾರದು, ಮುರಿದವರದೋ ಮುರಿಯದವರದೋ?" ಎಂದಷ್ಟೇ ಕೇಳಿದೆ. ಅವರು ಉತ್ತರಿಸದೆ ಎದ್ದು ಹೋದರು.

ಮುಂದಿನ ಭಾನುವಾರ ಪೂಜೆಗೆ ಬಂದಿದ್ದರು. ಪರಮಪ್ರಸಾದಕ್ಕೆ ಮಾತ್ರ ಎದ್ದು ಬರಲಿಲ್ಲ.