ಮುಳ್ಳಿನಿಂದ ಮುಳ್ಳು

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆ ನಮಗೆಲ್ಲ ಗೊತ್ತು. ಹೊಲಸನ್ನು ಹೊಲಸಿನಿಂದಲೇ ತೊಳೆಯಬಹುದೆಂದರೆ ಮಾತ್ರ ನಗು ಬರುತ್ತದೆ. ಆದರೆ ರಸಾಯನಶಾಸ್ತ್ರ ಹೇಳುವುದು ಅದನ್ನೇ.

ಮೂತ್ರದಲ್ಲಿರುವ ಯೂರಿಯಾ ಕೊಳಚೆಯಲ್ಲಿ ಅಮೋನಿಯಾ ಆಗುತ್ತದೆ. ಶುದ್ಧೀಕರಣ ಕೇಂದ್ರದಲ್ಲಿ ಕೆಸರು ಕೊಳೆತ ಮೇಲೆ ಬಸಿದು ಬರುವ ನೀರಿನಲ್ಲಿ ಅದರ ಪ್ರಮಾಣ ಬಹಳ. ಆ ನೀರಿಗೆ ಸುಣ್ಣ ಬೆರೆಸಿ, ಬಿಸಿ ಮಾಡಿ, ಗಾಳಿ ಊದಿದರೆ ಅಮೋನಿಯಾ ಹೊರಬರುತ್ತದೆ, ಹಿಡಿದಿಡಬಹುದು. ಇನ್ನೊಂದು ಕಡೆ, ಕಲ್ಲಿದ್ದಲು ಉರಿದಾಗ ಹೊಗೆಯಲ್ಲಿ ಶ್ವಾಸಕೋಶವನ್ನು ಕೆಡಿಸುವ ಸಾರಜನಕದ ಆಕ್ಸೈಡುಗಳಿರುತ್ತವೆ. ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಆ ಹೊಗೆಗೆ ಅಮೋನಿಯಾ ಸಿಂಪಡಿಸಿದರೆ ಅವುಗಳಲ್ಲಿ ಸಾಕಷ್ಟು ಭಾಗ ನಿರುಪದ್ರವಿಯಾದ ಸಾರಜನಕವೂ ನೀರಾವಿಯೂ ಆಗಿಬಿಡುತ್ತದೆ. ಈ ಕೆಲಸಕ್ಕೆ ಬೇಕಾದ ಅಮೋನಿಯಾವನ್ನು ಈಗ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಕಾರ್ಖಾನೆಗಳಲ್ಲಿ ತಯಾರಿಸುತ್ತಾರೆ. ಅದೇ ವಸ್ತುವನ್ನು ನಾವು ದಿನಾ ಬೆಳಿಗ್ಗೆ ಚರಂಡಿಗೆ ಬಿಡುತ್ತೇವೆ.

ಎಲ್ಲಿಗೆ ಹೋಗುತ್ತದೆ ಅದು? ಕೊಂಢವಾದ ನಮ್ಮ ಬಚ್ಚಲಿನ ನೀರು ಮುಳಾ-ಮುಠೆಗೆ, ಅಲ್ಲಿಂದ ಭೀಮೆಗೆ. ಉಜನಿ ಜಲಾಶಯ, ಪಂಢರಪುರ ದಾಟಿ ಭೀಮೆ ಕರ್ನಾಟಕಕ್ಕೆ ಬರುತ್ತಾಳೆ. ಗಾಣಗಾಪುರದ ಬಳಿ ಅಮರ್ಜಾ ಕೂಡುತ್ತದೆ. ಮುಂದೆ ರಾಯಚೂರಿನ ಉತ್ತರಕ್ಕೆ ಕೃಷ್ಣೆಯ ಸಂಗಮ. ಅದಕ್ಕೆ ಸಮೀಪದಲ್ಲೇ, ಕೃಷ್ಣೆಯ ದಡದಲ್ಲಿ, 1985ರಿಂದ ವಿದ್ಯುತ್ ಕೊಡುತ್ತಿರುವ ಶಕ್ತಿನಗರದ ಕಲ್ಲಿದ್ದಲು ಸ್ಥಾವರವಿದೆ. ಆದರೆ ಹೊಳೆಗೆ ಬಿದ್ದ ಮೇಲೆ ಅಮೋನಿಯಾವನ್ನು ಹಿಡಿಯುವುದು ಆಗದ ಮಾತು. ಹಿಡಿಯುವುದಿದ್ದರೆ ಇಲ್ಲಿ, ಪುಣೆಯಲ್ಲಿಯೇ ಹಿಡಿಯಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಸೊಸೈಟಿಯ ಸಭೆಯಲ್ಲಿ, ಕೊಳಚೆ ಶುದ್ಧಿ ಮಾಡುವ ಯಂತ್ರಕ್ಕೆ ಕರೆಂಟ್ ಬಿಲ್ ಹೆಚ್ಚಾಯಿತು, ರಾತ್ರಿ ನಿಲ್ಲಿಸೋಣ ಎಂಬ ಸೂಚನೆ ಬಂತು. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಆ ವರ್ಷ ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೋಗಿ ಸಂಗಮದಲ್ಲಿ ಮುಳುಗು ಹಾಕಿದೆ. ಅರ್ಘ್ಯಕ್ಕೆಂದು ಬೊಗಸೆಯಲ್ಲಿ ನೀರು ಹಿಡಿದಾಗ ಆ ಸಭೆ ನೆನಪಾಯಿತು. ಪಕ್ಕದಲ್ಲೇ ಒಬ್ಬ ತಾಯಿ ಕೂಸಿಗೆ ಅದೇ ನೀರನ್ನು ತೀರ್ಥವೆಂದು ಕುಡಿಸುತ್ತಿದ್ದಳು.

ಹೊಲಸಿಗೂ ಉಪಯೋಗವುಂಟೆಂದರೆ ಹೊಲಸು ಮಾಡಿದ ದೋಷ ಕಳೆಯಿತೇ? ಇಲ್ಲ. ಸಾಲ ತೀರಿಸಲು ದಾರಿ ಕಂಡಿತೆಂದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಈ ಉಪಾಯದಿಂದ ಹಾರುಬೂದಿಯಾಗಲಿ ಇಂಗಾಲದ ಡೈ ಆಕ್ಸೈಡಾಗಲಿ ಕಡಿಮೆಯಾಗದು. ಅಳತೆ ತಪ್ಪಿದರೆ ಅಮೋನಿಯಾವೇ ಚಿಮಣಿಯಿಂದ ಹೊರಬಿದ್ದು ಇನ್ನೊಂದು ಪೀಡೆಯಾದೀತು. ವಿಜ್ಞಾನ ಉಪಾಯ ಕೊಡುತ್ತದೆ. ಅದರ ಖರ್ಚನ್ನು ಹೊರುವ ಮನಸ್ಸನ್ನು ಕೊಡುವುದಿಲ್ಲ.

ಖರ್ಚು ಮೇಲಿನ ಊರಿಗೆ, ಲಾಭ ಕೆಳಗಿನ ಊರಿಗೆ ಎಂದಾದರೆ ನಾವೇಕೆ ಹಣ ಕೊಡಬೇಕು ಎಂದು ಕೇಳುವವರುಂಟು. ಪುಣೆಯ ಕನ್ನಡಿಗರಾದ ನಮಗೆ ಆ ಪ್ರಶ್ನೆ ಒಪ್ಪುವುದಿಲ್ಲ. ಅನ್ನ ಕೊಟ್ಟ ಊರು ಹೊಳೆಯ ಮೇಲಿದೆ, ಹೆತ್ತವರ ಊರು ಹೊಳೆಯ ಕೆಳಗಿದೆ. ನಿಜ ಹೇಳಬೇಕೆಂದರೆ, ಕೆಳಗೆ ನಮ್ಮ ನೆಂಟರು ಒಬ್ಬರೂ ಇಲ್ಲದಿದ್ದರೂ ಕೆಳಗಿನವರ ಹಕ್ಕು ಹಕ್ಕೇ. ನೆಂಟಸ್ತಿಕೆ ಅದನ್ನು ನೆನಪಿಸಿಕೊಡುತ್ತದೆ, ಅಷ್ಟೆ.

ಸೊಸೈಟಿಯಲ್ಲಿ ಆ ಯಂತ್ರದ ಮಾತು ಮತ್ತೆ ಬರಲಿದೆ. ಈ ಸಲ ಎದ್ದು ನಿಂತು, ನನ್ನ ಪಾಲಿನ ಹಣ ನಾನು ಕೊಡುತ್ತೇನೆ, ನಿಲ್ಲಿಸಬೇಡಿ ಎನ್ನುವೆ. ತಮ್ಮ ಕಟ್ಟಡದಲ್ಲಿ ತಾವೂ ಅಷ್ಟು ಹೇಳಿದರೆ, ಗಾಣಗಾಪುರಕ್ಕೆ ಹೋದಾಗ ಬೊಗಸೆ ನೀರು ಹಿಡಿಯಲು ನಮಗೆ ಅಷ್ಟೊಂದು ಅಳುಕಾಗಲಾರದು.